ಐದುನೂರರ ಕಾಗದ

ಉದ್ಯಮಬಾಗದಾಗ ಹನ್ನೊಂದು ವರ್ಷ
ಎರಕದ ಮೈ ತಿಕ್ಕಿದವ ನಾನು.
ಪಂಪಿನ ಕವಚ, ವಾಲ್ವಿನ ಕುತ್ತಿಗಿ,
ಮರಳು ಕಚ್ಚಿಕೊಂಡ ಕಬ್ಬಿಣ,
ಕೈಗೆ ನುಣುಪು ಹತ್ತೋತನಕ ತಿಕ್ಕೋದು.
ಗಜಾನನ ಲೋಹಾರ ಮಿಸ್ತ್ರಿ ಕಣ್ಣು ಮುಚ್ಚಿ ಬೆರಳಾಡಿಸಿ
'ಹ್ಞೂಂ' ಅಂದರ ಕೆಲಸ ಮುಗೀತು.
ಮುಗಿಯೋದಂದ್ರ ಹೊಳಿಯೋದು.
ಅಷ್ಟ ಗೊತ್ತಿತ್ತು ನನಗ.

ಈಗ ಖಾನಾಪುರ ರಸ್ತೆದ ಮಾಲಿನಾಗ ಮೂರನೇ ಮಹಡಿ.
ಆರು ಲೇನು, ಅದರಾಗ ಒಂದು ಕೆಟ್ಟೈತಿ.
ಮುಂಜಾನೆ ಹತ್ತಕ್ಕ ಎಣ್ಣಿ ಬಳಿಯೋ ಯಂತ್ರ ಓಡಸತೀನಿ:
ಗೆರಿಯಿಂದ ನಲವತ್ತು ಅಡಿ ಎಣ್ಣಿ,
ಮುಂದಿನ ಇಪ್ಪತ್ತಡಿ ಒಣ ಕಟಗಿ,
ತುದಿಗೆ ಹತ್ತು ಪಿನ್ನು,
ಫೋಟೋಕ್ಕ ನಿಂತ ಸಾಲಿ ಹುಡುಗರಂಗ ಬಿಗಿಯಾಗಿ.
ಎಣ್ಣಿ ಸುಮ್ಮನ ಕಾಣೂದಿಲ್ಲ. ಮೊಣಕಾಲೂರಿ
ಬೆಳಕಿಗೆ ಅಡ್ಡ ಮಾರಿ ಹಿಡದು ನೋಡಬೇಕು,
ಕುಂದಾ ಕಾಸಿದ ಕಡಾಯಿ ಅಂಚಿನಂಗ
ತೆಳ್ಳಗ ಮಿಂಚತೈತಿ.

ಶನಿವಾರ ಬರತಾರ ಸಿಲ್ವಿಯಾ ಪಿಂಟೋ ಬಾಯಾರು,
ಕ್ಯಾಂಪಿನವರು. ಪೀಟಿ ಟೀಚರಿದ್ದರು,
ರಿಟೈರಾಗಿ ನಾಕು ವರ್ಷಾತು, ಸೀಟಿ ಇನ್ನೂ ಪರ್ಸಿನಾಗೈತಿ.
ಚಂಡು ಅವರ ಸ್ವಂತದ್ದು: ಹದಿಮೂರು ಪೌಂಡು,
ಮಸ್ಕತ್ತಿನಿಂದ ತಮ್ಮ ತಂದದ್ದು, ಮುಳಗಾಯಿ ಬಣ್ಣ.

ಕ್ಲಬ್ಬಿನ ಪಂದ್ಯದ ಹಿಂದಿನ ರಾತ್ರಿ
ಅವರನ್ನ ಕೇಳದನ ನಾನು ಅದನ್ನ ಎತಗೊಂಡೆ.
ಸಾವಿರದ ಕಾಗದ, ಎರಡು ಸಾವಿರದ್ದು, ನಾಕು ಸಾವಿರದ್ದು,
ನೀರು ಚಿಮುಕಿಸಿ, ಎಲ್ಲಾ ಮಗ್ಗಲಿಗೂ ತಿರುವಿ,
ಕಡೀಕ ಪಾಲಿಶು. ಒಂದೂವರಿ ತಾಸು.
ನನ್ನ ಮಾರಿ ಕಾಣಸ್ತು ಅದರಾಗ,
ಹಲ್ಲು ಕಿಸಿದಿದ್ದೂ ಕಾಣಸ್ತು.

ಬಾಯಾರು ನೋಡಿದರು, ಏನೂ ಅನಲಿಲ್ಲ, ಒಗದರು.
ಚಂಡು ಎಣ್ಣಿ ಮ್ಯಾಲ ಹೋತು ನೋಡ್ರಿ,
ಕಪಿಲೇಶ್ವರ ಬ್ರಿಜ್ಜಿನ ಇಳಿಜಾರಿಗೆ
ಬ್ರೇಕು ಕಿತ್ತ ಸೈಕಲ್ಲು ಬಿಟ್ಟಂಗ.
ಹೊರಳಬೇಕಾದಲ್ಲಿ ಹೊರಳಲಿಲ್ಲ.
ಒಣ ಕಟಗಿ ತಾಗಿದ ಮ್ಯಾಲ ನೆನಪಾದವರಂಗ
ಗಕ್ಕನ ಒಳಗ ತಿರುಗಾಕ ನೋಡ್ತು;
ಅಷ್ಟರಾಗ ಲೇನು ಮುಗದಿತ್ತು.
ಮೂರು ಪಿನ್ನು. ಆಮ್ಯಾಲ ಎರಡು. ಆಮ್ಯಾಲ ಗಟಾರು.

ಆಟ ಮುಗಿಸಿ ಸೀದಾ ನನ್ನ ಕಡೆ ಬಂದರು.
'ಯಾರಿಗಂತ ಹೊಳಿಸಿದೆಪಾ ಇದನ್ನ?
ನೆಲಕ್ಕ ಕಣ್ಣಿಲ್ಲ. ನೆಲಕ್ಕ ತೊಗಲಷ್ಟ ಐತಿ.
ನನ್ನ ಮಣಿಕಟ್ಟು ಮೊದಲಿನಂಗ ತಿರುಗೂದಿಲ್ಲ ಈಗ,
ಚಂಡ ತಿರುಗಬೇಕು.
ಹಿಡಕೊಳ್ಳಾಕ ಏನರೆ ಬಿಡು ಅದಕ್ಕ.'

ಎರಡನೇ ಆಟಕ್ಕ ಇಪ್ಪತ್ತು ನಿಮಿಷ ಇತ್ತು.
ಐದುನೂರರ ಕಾಗದ ತಗೊಂಡೆ.
ಕೈ ಒಪ್ಪಲಿಲ್ಲ ಮೊದಲಿಗೆ, ಖರೇ ಹೇಳತೀನಿ,
ಇಸ್ತ್ರಿ ಮಾಡಿದ ಅಂಗಿ ನಾನ ಮುದ್ದಿ ಮಾಡಿದಂಗ.
ಹಲ್ಲು ಹೋದವು ಮೊದಲು, ಆಮ್ಯಾಲ ಮೂಗು,
ಆಮ್ಯಾಲ ಪೂರಾ ಮಾರಿ.
ಉಳದದ್ದು ಕೆಂಡದಾಗ ಸುಟ್ಟ ಮುಳಗಾಯಿ, ಬೂದಿ ಸಮೇತ.

ಈ ಸಲ ಅದು ಜಾರಲಿಲ್ಲ, ನಡೀತು.
ಎಣ್ಣಿಯೊಳಗೂ ತಳ ಹುಡಿಕ್ಕೋತ,
ಅರ್ಧ ದಾರಿಗೇ ಮೈ ಹೊರಳಿಸಿ,
ಅವಸರಿಲ್ಲ, ಗಕ್ಕನ ಇಲ್ಲ,
ಉದ್ದಕ ಬಾಗಿದ ಕುಡಗೋಲಿನ ಬಾಗು,
ಒಂದನೇ ಪಿನ್ನಿಗೂ ಮೂರನೇದಕ್ಕೂ ನಡುವ ಹೊಕ್ತು.
ಎಂಟು ಬಿದ್ದವು. ಹತ್ತಲ್ಲ, ಎಂಟು.
ಬಾಯಾರು ಸೀಟಿ ಊದಿದರು.

ಐದನೇದವರಾದರು ಪಂದ್ಯದಾಗ.
ಮೂರನೇ ಆಟಕ್ಕ ಚಂಡು ಮತ್ತ ಮಿಂಚಾಕ ಹತ್ತಿತ್ತು,
ನಾ ಮುಟ್ಟಿದ್ದಿಲ್ಲ;
ಉರುಳಿ ಉರುಳಿ ಲೇನ ತಾನ ಪಾಲಿಶು ಮಾಡತೈತಿ.
ಹಂಗಾಗಿ ಶನಿವಾರಕ್ಕೊಮ್ಮೆ ಮತ್ತ ತಿಕ್ಕತೀನಿ,
ಉಗುರಿನ ಸಂದ್ಯಾಗ ನೇರಳೆ ಹುಡಿ.
'ಹಿಂದಕ ಕರೀದು ತರತಿದ್ದಿ' ಅಂತಾಳ ಮನ್ಯಾಗ.

ಮೊನ್ನೆ ಮಿಸ್ತ್ರಿ ಬಂದಿದ್ದ, ಮೊಮ್ಮಗನ ಕೈ ಹಿಡಕೊಂಡು.
ರ‍್ಯಾಕಿನ ಮ್ಯಾಲಿನ ಆ ಚಂಡಿನ ಮ್ಯಾಲ ಬೆರಳಿಟ್ಟ,
ಕಣ್ಣು ಮುಚ್ಚಿದ. ಬೆರಳು ನಿಂತ ಬಿಡ್ತು.
ಕಣ್ಣು ತೆಗೆದು ನನ್ನ ನೋಡಿದ, ಭಾಳ ಹೊತ್ತು.
ಹ್ಞೂಂ ಅನ್ನಲಿಲ್ಲ.

ನಾನೂ ಏನೂ ಹೇಳಲಿಲ್ಲ.
ಬೂಟಿನ ನಂಬರು ಎಷ್ಟು, ಅಂದೆ.